ಡಾಕ್ಟರ್ ಅಲ್ಲದವರು ಕುರುಡುತನ ತಡೆಯಲು ಏನು ಮಾಡಬಹುದು?

ನೀವು ಕೇಳಿರುವುದು ಇದು: "ನನಗೆ ವೈದ್ಯಕೀಯದ ಗಂಧಗಾಳಿ ಇಲ್ಲ. ವಾರಕ್ಕೆ ಎರಡು ಮೂರು ಗಂಟೆ ಬಿಡುವಿದೆ. ಕುರುಡುತನ ತಡೆಯೋಕೆ, ಕಣ್ಣು ಕಾಣದವರಿಗೆ ನೆರವಾಗೋಕೆ ನನ್ನಂಥವರಿಂದ ಏನಾದರೂ ಆಗುತ್ತಾ? ಹಳೇ ಕನ್ನಡಕ ಸಂಗ್ರಹಿಸಿ ಕೊಟ್ಟರೆ ಸಾಕಾ?"

ಖಂಡಿತ ಆಗುತ್ತೆ. ನಾನೂ ಡಾಕ್ಟರ್ ಅಲ್ಲ. ಹಲವು ವರ್ಷಗಳಿಂದ ಕಣ್ಣಿನ ತಪಾಸಣೆ ಶಿಬಿರಗಳಲ್ಲಿ ಸ್ವಯಂಸೇವಕನಾಗಿ ಓಡಾಡುತ್ತಿದ್ದೇನೆ. ನಾನು ಕಂಡ ಹಾಗೆ, "ನಿಮಗೆ ಪೊರೆ ಬಂದಿದೆ" ಎಂದು ಹೇಳಿಸಿಕೊಂಡ ದಿನಕ್ಕೂ ಆಪರೇಷನ್ ಆಗುವ ದಿನಕ್ಕೂ ನಡುವೆಯೇ ಜಾಸ್ತಿ ಜನ ಕೈತಪ್ಪಿ ಹೋಗುತ್ತಾರೆ. ಆ ದಾರಿಯಲ್ಲಿ ಅವರ ಜೊತೆ ಇರುವುದಕ್ಕೆ ಡಾಕ್ಟರ್‌ಗಳಿಗೆ ಪುರುಸೊತ್ತಿರುವುದಿಲ್ಲ. ನಮಗಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ದೃಷ್ಟಿಯ ಬಗ್ಗೆ ಒಂದು ವರದಿ ಹೊರತಂದಿತು. ಜಗತ್ತಿನಲ್ಲಿ ಕನಿಷ್ಠ 220 ಕೋಟಿ ಜನರಿಗೆ ಹತ್ತಿರದ್ದೋ ದೂರದ್ದೋ ಸರಿಯಾಗಿ ಕಾಣುವುದಿಲ್ಲ. ಅವರಲ್ಲಿ ಕನಿಷ್ಠ 100 ಕೋಟಿ ಜನರದ್ದು ತಡೆಯಬಹುದಾಗಿದ್ದ, ಇಲ್ಲವೇ ಇನ್ನೂ ಪರಿಹಾರ ಸಿಗದೆ ಉಳಿದಿರುವ ತೊಂದರೆ. ಮುಖ್ಯ ಕಾರಣಗಳು ಎರಡು: ಸರಿಯಾದ ಕನ್ನಡಕ ಇಲ್ಲದಿರುವುದು ಮತ್ತು ಪೊರೆ ತೆಗೆಸದಿರುವುದು. ಎರಡಕ್ಕೂ ಏನು ಮಾಡಬೇಕು ಅಂತ ಎಂದೋ ಗೊತ್ತಾಗಿದೆ. ಹಾಗಿದ್ದೂ ಇಷ್ಟು ಜನ ಮಸುಕಿನಲ್ಲೇ ಬದುಕುತ್ತಿದ್ದಾರೆ ಅನ್ನುವುದು ನನಗೆ ಇವತ್ತಿಗೂ ಸಂಕಟದ ವಿಷಯ.

ಶುರು ಮಾಡುವುದಾದರೆ ದೃಷ್ಟಿ ಅಳೆಯುವುದನ್ನು ಕಲಿಯಿರಿ. ಶಿಬಿರ ನಡೆಸುವ ಕಣ್ಣಾಸ್ಪತ್ರೆಯವರನ್ನು ಕೇಳಿದರೆ ಅವರೇ ಹೇಳಿಕೊಡುತ್ತಾರೆ, ಕಷ್ಟವೇನಿಲ್ಲ. ಗೋಡೆಗೆ ಚಾರ್ಟ್ ಹಾಕಿ, ಟೇಪ್ ಹಿಡಿದು 6 ಮೀಟರ್ ಅಳೆದು, ನೆಲದ ಮೇಲೆ ಗೆರೆ ಎಳೆಯುತ್ತೇವೆ. ಓದು ಬಾರದವರಿಗೆ ಬೇರೆ ಚಾರ್ಟ್ ಇದೆ. ಅದರಲ್ಲಿ ಮೂರು ಕಾಲಿನ ಒಂದೇ ಗುರುತು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ತಿರುಗಿರುತ್ತದೆ. ಕಾಲು ಯಾವ ಕಡೆಗಿದೆ ಅಂತ ಕೈಯಲ್ಲಿ ತೋರಿಸಿದರೆ ಸಾಕು. ಒಂದೊಂದೇ ಕಣ್ಣನ್ನು ನೋಡಬೇಕು. ಇನ್ನೊಂದನ್ನು ಅಂಗೈಯಿಂದ ಮುಚ್ಚಿಸಿ, ಬೆರಳಿನಿಂದ ಬೇಡ. ಮಕ್ಕಳು ಬೆರಳ ಸಂದಿಯಲ್ಲಿ ಇಣುಕಿಯೇ ಇಣುಕುತ್ತಾರೆ.

ಕೆಳಗಿನ ಸಾಲುಗಳು ಕಾಣದಿದ್ದರೆ ಸಣ್ಣ ತೂತಿರುವ ಒಂದು ಕಪ್ಪು ರಟ್ಟನ್ನು ಕಣ್ಣಿಗೆ ಹಿಡಿದು ಮತ್ತೆ ಓದಿಸುತ್ತೇವೆ. ತೂತಿನಿಂದ ನೋಡಿದಾಗ ಅಕ್ಷರ ಸ್ಪಷ್ಟವಾದರೆ ಬಹುತೇಕ ಕನ್ನಡಕದಿಂದ ಸರಿಹೋಗುವ ತೊಂದರೆ. ಆಗಲೂ ಮಸುಕಾಗಿದ್ದರೆ ಪೊರೆ ಇರಬಹುದು, ರೆಟಿನಾದ, ಅಂದರೆ ಕಣ್ಣಿನ ಹಿಂಭಾಗದ ಪರದೆಯ ತೊಂದರೆ ಇರಬಹುದು. ಎರಡರಲ್ಲಿ ಯಾವುದೇ ಆದರೂ ನಾವು ರೋಗದ ಹೆಸರು ಹೇಳಲು ಹೋಗಬಾರದು. ಕಂಡದ್ದನ್ನು ಚೀಟಿಯಲ್ಲಿ ಬರೆದು ಡಾಕ್ಟರ್ ಹತ್ತಿರ ಕಳಿಸಬೇಕು.

ನಿಜವಾದ ಕೆಲಸ ಚೀಟಿ ಬರೆದುಕೊಟ್ಟ ಮೇಲೆ ಇರುವುದು. ಆಸ್ಪತ್ರೆಗೆ ಹೋಗಲು ಹೇಳಿಸಿಕೊಂಡವರು ಯಾಕೆ ಹೋಗುವುದಿಲ್ಲ ಅಂತ ಮನೆಗೆ ಹೋಗಿ ಕೇಳಿದರೆ ಕಾರಣಗಳು ಒಂದೊಂದಾಗಿ ಹೊರಗೆ ಬರುತ್ತವೆ. ಜೊತೆಗೆ ಬರುವವರಿಲ್ಲ. ಮಗನ ಒಂದು ದಿನದ ಕೆಲಸ ಕೆಡುತ್ತೆ. ಈ ವಯಸ್ಸಲ್ಲಿ ಯಾಕೆ ಖರ್ಚು. ಹೆಂಗಸರದ್ದಂತೂ ಮನೆಯಲ್ಲಿ ಎಲ್ಲರ ಸರದಿ ಮುಗಿದ ಮೇಲೆ. ಒಬ್ಬ ಅಜ್ಜಿ ನನ್ನ ಕೈ ಹಿಡಿದು ಮೆತ್ತಗೆ ಕೇಳಿದ್ದರು: "ಕಣ್ಣುಗುಡ್ಡೆ ಕಿತ್ತು ಹೊರಗಿಟ್ಟು ಆಪರೇಷನ್ ಮಾಡ್ತಾರಂತೆ, ಹೌದಾ?" ಈ ಭಯವನ್ನು ಅವರು ಮನೆಯವರ ಹತ್ತಿರ ಹೇಳಿಕೊಂಡೇ ಇರಲಿಲ್ಲ. ಮನೆಯವರು ಹಟ ಅಂದುಕೊಂಡಿದ್ದರು. ಕಣ್ಣುಗುಡ್ಡೆ ಅದರ ಜಾಗದಲ್ಲೇ ಇರುತ್ತದೆ, ಮಂಜಾದ ಮಸೂರವನ್ನು ಸಣ್ಣ ಗಾಯದ ಮೂಲಕ ತೆಗೆದು ಬೇರೆ ಮಸೂರ ಕೂರಿಸುತ್ತಾರೆ ಅಂತ ಹೇಳಿದೆ. ಜೊತೆಗೆ, ಅದೇ ಆಪರೇಷನ್ ಆಗಿದ್ದ ಇನ್ನೊಬ್ಬ ಅಜ್ಜಿಯನ್ನು ಕರೆದುಕೊಂಡು ಹೋಗಿ ಮಾತಾಡಿಸಿದೆ. ನಂಬಿಕೆ ಬಂದದ್ದು ಅವರ ಮಾತಿನಿಂದಲೇ. ಇದನ್ನು ನೀವೂ ಮಾಡಿ. ಆಪರೇಷನ್ ಆಗಿ ಚೆನ್ನಾಗಿ ಕಾಣುತ್ತಿರುವವರ ಮಾತಿಗಿರುವ ಬೆಲೆ ಯಾವ ಕರಪತ್ರಕ್ಕೂ ಇಲ್ಲ.

"ಪೊರೆ ಇನ್ನೂ ಬಲಿತಿಲ್ಲ, ಬಲಿಯಲಿ" ಅನ್ನುವ ಮಾತೂ ಕಿವಿಗೆ ಬೀಳುತ್ತದೆ. ಹಿಂದಿನ ಆಪರೇಷನ್ ವಿಧಾನಕ್ಕೆ ಅದು ಬೇಕಿತ್ತು, ಈಗ ಕಾಯಬೇಕಾಗಿಲ್ಲ. ದಿನದ ಕೆಲಸಕ್ಕೆ ತೊಂದರೆ ಆಗುತ್ತಿದ್ದರೆ ಡಾಕ್ಟರನ್ನು ಕೇಳಿ ಮಾಡಿಸಿಕೊಳ್ಳಬಹುದು. ತೀರಾ ಬಲಿತ ಪೊರೆಯೇ ತೆಗೆಯಲು ಕಷ್ಟ, ಕಣ್ಣಿನ ಒತ್ತಡ ಏರುವ ಅಪಾಯವೂ ಇದೆ.

ಆಪರೇಷನ್ ಆದ ಮೇಲೆ ಕೆಲವು ವಾರ ಹನಿ ಹಾಕಬೇಕು. ಒಂಟಿಯಾಗಿರುವ ವಯಸ್ಸಾದವರಿಗೆ ಇದೇ ದೊಡ್ಡ ಕಷ್ಟ. ಕೈ ತೊಳೆದು, ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆ ಸ್ವಲ್ಪ ಎಳೆದು ಒಂದೇ ಹನಿ. ಬಾಟಲಿಯ ತುದಿ ಕಣ್ಣಿಗೆ ತಾಗಬಾರದು. ಎರಡು ಬಗೆಯ ಹನಿ ಇದ್ದರೆ ನಡುವೆ 5 ನಿಮಿಷ ಬಿಡಬೇಕು, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಹಾಕುತ್ತದೆ. ನೋವು ಜಾಸ್ತಿಯಾದರೆ, ಕಣ್ಣು ಕೆಂಪಾಗುತ್ತಾ ಹೋದರೆ, ಕಾಣುತ್ತಿದ್ದದ್ದು ಮಸುಕಾದರೆ ಅವತ್ತೇ ಆಸ್ಪತ್ರೆಗೆ. ಸಂಜೆ ಹೋಗಿ ಹನಿ ಹಾಕಿ ಬರುವುದಕ್ಕೆ ಎಷ್ಟು ಹೊತ್ತು ಬೇಕು ಹೇಳಿ. ನಿಮ್ಮ ಬಿಡುವಿನಲ್ಲೇ ಆಗುವ ಕೆಲಸ ಅಲ್ವಾ?

ಸಕ್ಕರೆ ಕಾಯಿಲೆ ಇರುವವರು ನಿಮಗೆ ಗೊತ್ತಿದ್ದರೆ ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆಗೆ ನೀವೇ ಕರೆದುಕೊಂಡು ಹೋಗಿ. ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆ ಮಂಜು ಮಂಜು, ಒಬ್ಬರೇ ವಾಪಸ್ ಬರುವುದು ಕಷ್ಟ. ಎಷ್ಟೋ ಜನ ಇದೊಂದೇ ಕಾರಣಕ್ಕೆ ಮುಂದೂಡುತ್ತಾರೆ. ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆ, ಇನ್ನೂ ಮೋಸದ್ದು. ಸಾಮಾನ್ಯವಾಗಿ ನೋವಿಲ್ಲದೆ ಪಕ್ಕದ ನೋಟವನ್ನು ಮೊದಲು ತಿನ್ನುತ್ತದೆ, ಹೋದ ದೃಷ್ಟಿ ಮತ್ತೆ ಬರುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಇದ್ದರೆ ಒಡಹುಟ್ಟಿದವರು, ಮಕ್ಕಳು ಎಲ್ಲರೂ ತೋರಿಸಿಕೊಳ್ಳಬೇಕು. ಮಗುವಿನ ಪಾಪೆ ಫೋಟೋದಲ್ಲಿ ಬೆಳ್ಳಗೆ ಹೊಳೆದರೆ ಒಂದು ದಿನವೂ ತಡ ಮಾಡಬೇಡಿ, ಕಣ್ಣಿನ ಕ್ಯಾನ್ಸರ್ ಕೂಡ ಇರಬಹುದು.

ಇನ್ನು ಕಣ್ಣು ಕಾಣದವರಿಗೆ ನೆರವಾಗುವ ಮಾತು. ಮೊದಲು ಕೇಳಿ: "ಸಹಾಯ ಬೇಕಾ?" ಬೇಡ ಅಂದರೆ ಬೇಡ. ಬೇಕು ಅಂದರೆ ಅವರ ಕೈ ಹಿಡಿದು ಎಳೆಯಬೇಡಿ, ಬೆನ್ನಿಗೆ ಕೈ ಹಾಕಿ ತಳ್ಳಬೇಡಿ, ಬಿಳಿ ಕೋಲನ್ನಂತೂ ಮುಟ್ಟಲೇಬೇಡಿ. ನಿಮ್ಮ ತೋಳು ಕೊಡಿ. ಅವರು ಮೊಣಕೈಗಿಂತ ಸ್ವಲ್ಪ ಮೇಲೆ ಹಿಡಿದುಕೊಳ್ಳುತ್ತಾರೆ. ನೀವು ಅರ್ಧ ಹೆಜ್ಜೆ ಮುಂದೆ ನಡೆಯಿರಿ. ನಿಮ್ಮ ಮೈ ಏರಿಳಿಯುವುದು, ತಿರುಗುವುದು ಅವರಿಗೆ ತೋಳಿನಿಂದಲೇ ತಿಳಿಯುತ್ತದೆ. ಮೆಟ್ಟಿಲು ಬಂದಾಗ ಹತ್ತುವುದೋ ಇಳಿಯುವುದೋ ಹೇಳಿ. ಕುರ್ಚಿ ತೋರಿಸಬೇಕಾದರೆ ಅದರ ಬೆನ್ನಿನ ಮೇಲೆ ಅವರ ಕೈ ಇಡಿಸಿ, ಕೂರುವುದು ಅವರಿಗೆ ಗೊತ್ತು. ಹೊರಡುವಾಗ "ನಾನು ಹೊರಟೆ" ಅಂತ ಹೇಳಿ ಹೊರಡಿ. ಎದುರಿಗೆ ಯಾರೂ ಇಲ್ಲದಿದ್ದರೂ ಮಾತಾಡುತ್ತಾ ನಿಲ್ಲುವಂತಾಗಬಾರದು.

ಪರೀಕ್ಷೆ ಸಮಯದಲ್ಲಿ ಬರೆದುಕೊಡುವವರು ಸಿಗದೆ ಕಣ್ಣು ಕಾಣದ ವಿದ್ಯಾರ್ಥಿಗಳು ಒದ್ದಾಡುತ್ತಾರೆ. ನಿಯಮಗಳು ಅಲ್ಲಲ್ಲಿ ಬೇರೆ ಬೇರೆ, ಮೊದಲೇ ವಿಚಾರಿಸಿ. ಪ್ರಶ್ನೆಯನ್ನು ಪೂರ್ತಿ ಓದಿ, ಅಂಕವನ್ನೂ ಹೇಳಿ, ಅವರು ಹೇಳಿದ್ದನ್ನು ಹೇಳಿದಂತೆ ಬರೆಯಿರಿ. ತಪ್ಪು ಹೇಳಿದರೂ ತಿದ್ದಬೇಡಿ. ಆ ಉತ್ತರ ಪತ್ರಿಕೆ ಅವರದ್ದು.

ಮನೆಯಲ್ಲೇ ಕೂತು ಮಾಡುವುದಾದರೆ ಪಠ್ಯಗಳನ್ನು, ಎಲ್ಲ ಕಂಪ್ಯೂಟರ್, ಮೊಬೈಲುಗಳೂ ಗುರುತಿಸುವ ಅಕ್ಷರ ಪದ್ಧತಿಯಾದ ಯೂನಿಕೋಡ್‌ನಲ್ಲಿ ಟೈಪ್ ಮಾಡಿಕೊಡಿ. ಪುಸ್ತಕದ ಪುಟವನ್ನು ಸುಮ್ನೆ ಫೋಟೋ ತೆಗೆದು ಕಳಿಸಿದರೆ, ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅದು ಬರೀ ಚಿತ್ರ. ಯೂನಿಕೋಡ್ ಅಲ್ಲದ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದೂ ಅರ್ಥವಿಲ್ಲದ ಅಕ್ಷರಗಳಾಗಿ ಕೇಳಿಸುತ್ತದೆ. ಅಂದಹಾಗೆ, ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಅನ್ನು 2006ರಲ್ಲಿ ಶುರು ಮಾಡಿದ್ದು ಆಸ್ಟ್ರೇಲಿಯಾದ ಮೈಕೆಲ್ ಕರನ್. ಅವರ ಜೊತೆ ಸೇರಿ ಅದನ್ನು ಬೆಳೆಸಿದವರು ಜೇಮಿ ಟೆ. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಬ್ರೈಲ್ ಲಿಪಿ ರೂಪಿಸಿದ ಲೂಯಿ ಬ್ರೈಲ್ ಕೂಡ ಅಂಧರೇ, ಆಗ ಅವರಿಗೆ 15 ವರ್ಷ. ಹಾಗಾಗಿ ನಾವು ಏನು ಮಾಡಬೇಕೆಂದು ನಮ್ಮಷ್ಟಕ್ಕೆ ತೀರ್ಮಾನಿಸುವ ಬದಲು ಕಣ್ಣು ಕಾಣದವರನ್ನೇ ಕೇಳಿ ಮಾಡುವುದು ಒಳ್ಳೆಯದು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಹಳೇ ಕನ್ನಡಕದ ವಿಷಯ. ಮನಸ್ಸು ಒಳ್ಳೆಯದೇ, ಆದರೆ ನಾನು ಬೇಡ ಅನ್ನುತ್ತೇನೆ. ಒಬ್ಬರ ನಂಬರ್ ಇನ್ನೊಬ್ಬರಿಗೆ ಹೊಂದುವುದು ಅಪರೂಪ. ಎರಡು ಕಣ್ಣಿನ ನಂಬರ್ ಬೇರೆ ಇರುತ್ತದೆ, ಒಂದೇ ದಿಕ್ಕಿನ ಮಸುಕನ್ನು ಸರಿಪಡಿಸುವ ಸಿಲಿಂಡರ್ ಪವರ್ ಇರುತ್ತದೆ, ಗಾಜು ಗೀಚಿರುತ್ತದೆ. ವಿಂಗಡಿಸಿ, ತೊಳೆದು, ನಂಬರ್ ಅಳೆಯುವ ಶ್ರಮದಲ್ಲಿ ಹೊಸದನ್ನೇ ಮಾಡಿಸಬಹುದು. ನಲವತ್ತು ದಾಟಿದವರಿಗೆ ಹತ್ತಿರ ಓದಲು, ಸೂಜಿಗೆ ದಾರ ಪೋಣಿಸಲು ಬೇಕಾಗುವ ರೆಡಿಮೇಡ್ ಕನ್ನಡಕ ಹೊಸದೇ ಕಡಿಮೆ ಬೆಲೆಗೆ ಸಿಗುತ್ತದೆ. ಸಂಗ್ರಹಿಸಲೇಬೇಕು ಅಂದರೆ ಅದಕ್ಕೆ ಹಣ ಸಂಗ್ರಹಿಸಿ. ನಿಮ್ಮ ಎರಡು ಗಂಟೆಯನ್ನು ಮಾತ್ರ ಬೇರೆ ಕಡೆ ಕೊಡಿ: ಹತ್ತಿರದ ಕಣ್ಣಾಸ್ಪತ್ರೆಯ ಶಿಬಿರ ನೋಡಿಕೊಳ್ಳುವವರ ಹತ್ತಿರ ಹೋಗಿ, "ಬರಲು ಹೇಳಿದ್ದರೂ ಬಾರದೆ ಉಳಿದವರಲ್ಲಿ ಯಾರ ಮನೆಗೆ ಹೋಗಿ ಬರಲಿ?" ಅಂತ ಕೇಳಿ. ಹಾಗೆ ಮನೆಗೆ ಹೋಗಿ ಬರುವವರ ಅಗತ್ಯ ಅವರಿಗೆ ತುಂಬಾ ಇದೆ.