ಬೇರೆ ದೇಶಕ್ಕೆ ಹೋದ ಮೇಲೆ ಕಾರು: ಬಾಡಿಗೆಯೋ, ಲೀಸೋ, ಸ್ವಂತದ್ದೋ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಎರಡು ವರ್ಷದ ಕೆಲಸಕ್ಕೆ ಹೊರದೇಶಕ್ಕೆ ಹೋಗುತ್ತಿದ್ದೀರಿ, ಅವಧಿ ಮುಂದುವರಿಯಬಹುದು, ಮುಂದುವರಿಯದೆಯೂ ಇರಬಹುದು, ಓಡಾಡಲು ಕಾರು ಬೇಕೇ ಬೇಕು, ಅದನ್ನು ಬಾಡಿಗೆಗೆ ತಗೊಳ್ಳುವುದೋ, ಲೀಸ್ ಮಾಡುವುದೋ (ಅಂದರೆ ಹೊಸ ಕಾರನ್ನು ಇಷ್ಟು ವರ್ಷ ಅಂತ ಒಪ್ಪಂದ ಮಾಡಿಕೊಂಡು, ತಿಂಗಳ ಕಂತು ಕಟ್ಟಿ ಓಡಿಸಿ ಕೊನೆಗೆ ವಾಪಸ್ ಕೊಡುವುದು), ಕೊಂಡುಬಿಡುವುದೋ. ನನ್ನ ಮಾತು ಕೇಳಿದರೆ ಮೊದಲ ಒಂದೆರಡು ತಿಂಗಳು ಬಾಡಿಗೆ, ಆಮೇಲೆ ಮೂರ್ನಾಲ್ಕು ವರ್ಷ ಓಡಿದ ಸೆಕೆಂಡ್ ಹ್ಯಾಂಡ್ ಕಾರು. ನಾನು ಮಾಡಿದ್ದೂ ಅದನ್ನೇ. ಲೀಸ್ ಬೇಡ.

ತಿಂಗಳಿಗೆ ಎಷ್ಟು ಕಟ್ಟಬೇಕು ಅಂತ ಎಲ್ಲರೂ ಮೊದಲು ನೋಡುತ್ತಾರೆ. ನಿಮ್ಮ ಸ್ಥಿತಿಯಲ್ಲಿ ಇರುವವರು ನೋಡಬೇಕಾದ್ದು ಬೇರೆ: ನಡುವೆ ದಿಢೀರ್ ಅಂತ ಊರು ಬಿಡಬೇಕಾಗಿ ಬಂದರೆ ಎಷ್ಟು ಕಳೆದುಕೊಳ್ಳುತ್ತೀರಿ? ಬಾಡಿಗೆ ಕಾರಾದರೆ ಕೀಲಿ ಕೊಟ್ಟು ಬರಬಹುದು. ಸ್ವಂತದ್ದಾದರೆ ಮಾರಬಹುದು, ಸ್ವಲ್ಪ ಕಡಿಮೆಗೆ ಹೋದರೂ ಕೈಗೆ ಒಂದಿಷ್ಟು ದುಡ್ಡು ಬರುತ್ತದೆ. ಲೀಸಿನಲ್ಲಿ ಮಾತ್ರ ಒಪ್ಪಂದದ ಅವಧಿ ಮುಗಿಯದೆ ಬಿಡುಗಡೆ ಇಲ್ಲ, ಬೇಕೆಂದರೆ ಉಳಿದ ಕಂತುಗಳ ದೊಡ್ಡ ಪಾಲನ್ನು ಒಟ್ಟಿಗೆ ಕಟ್ಟಬೇಕಾಗುತ್ತದೆ. ಕೆಲವು ಕಡೆ ಇನ್ನೊಬ್ಬರ ಹೆಸರಿಗೆ ಲೀಸ್ ವರ್ಗಾಯಿಸಲು ಬಿಡುತ್ತಾರೆ, ಆದರೆ ಆ ಇನ್ನೊಬ್ಬರನ್ನು ಹುಡುಕುವ ಕೆಲಸ ನಿಮ್ಮದೇ, ಅದೂ ಪ್ಯಾಕಿಂಗ್ ಗಡಿಬಿಡಿಯ ನಡುವೆ.

ಲೀಸಿನ ಕಂತು ಕಡಿಮೆ ಕಾಣುವುದಕ್ಕೆ ಕಾರಣ ಇದೆ. ನೀವು ಕಾರಿನ ಪೂರ್ತಿ ಬೆಲೆ ಕಟ್ಟುವುದಿಲ್ಲ, ನೀವು ಓಡಿಸುವ ಅವಧಿಯಲ್ಲಿ ಅದರ ಬೆಲೆ ಎಷ್ಟು ಇಳಿಯುತ್ತದೋ ಅಷ್ಟನ್ನು ಬಡ್ಡಿ ಸೇರಿಸಿ ಕಟ್ಟುತ್ತೀರಿ. ಆದರೆ ಹೊಸ ಕಾರಿನ ಬೆಲೆ ಜಾಸ್ತಿ ಬೀಳುವುದು ಮೊದಲ ಮೂರು ವರ್ಷದಲ್ಲೇ ಅಲ್ವಾ? ಆ ಬಿದ್ದ ಬೆಲೆಯನ್ನೇ ನಿಮ್ಮಿಂದ ವಸೂಲಿ ಮಾಡುವುದು. ಲೀಸ್ ಮುಗಿಸಿ ವಾಪಸ್ ಬಂದ ಕಾರುಗಳೇ ಆಮೇಲೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತವೆ, ಅದನ್ನು ಕೊಳ್ಳುವವನಿಗೆ ಆ ನಷ್ಟ ತಟ್ಟುವುದಿಲ್ಲ. ಆ ಕೊಳ್ಳುವವನು ನೀವಾಗಿ ಅನ್ನುವುದೇ ನನ್ನ ಸಲಹೆ.

ಅಮೆರಿಕಕ್ಕೆ ಹೋಗುವವರಾದರೆ ಇನ್ನೂ ಒಂದೆರಡು ವಿಷಯ. ಅಲ್ಲಿ 36 ತಿಂಗಳ ಲೀಸ್ ಸಾಮಾನ್ಯ, ನಿಮ್ಮ ಎರಡು ವರ್ಷಕ್ಕಿಂತ ಅದೇ ಉದ್ದ. ಕಾಗದದಲ್ಲಿ ಬಡ್ಡಿ ದರ ಬರೆಯದೆ ಮನಿ ಫ್ಯಾಕ್ಟರ್ ಅಂತ 0.0025 ಥರದ ಒಂದು ಪುಟ್ಟ ಸಂಖ್ಯೆ ತೋರಿಸಬಹುದು. ಅದನ್ನು 2400ರಿಂದ ಗುಣಿಸಿ, ಹೆಚ್ಚುಕಡಿಮೆ ಶೇ 6 ಬಡ್ಡಿ ಅಂತ ಗೊತ್ತಾಗುತ್ತದೆ. ವರ್ಷಕ್ಕೆ 10,000 ಅಥವಾ 12,000 ಮೈಲಿ ಅಂತ ಮಿತಿ ಇರುತ್ತದೆ, ಮೀರಿದರೆ ಪ್ರತಿ ಮೈಲಿಗೂ ದುಡ್ಡು. ಹೊಸ ದೇಶಕ್ಕೆ ಹೋದವರು ವಾರಾಂತ್ಯ ಬಂತೆಂದರೆ ಊರು ನೋಡಲು ಹೊರಡುತ್ತಾರೆ, ಮಿತಿ ಎಲ್ಲಿ ಉಳಿಯುತ್ತದೆ! ಇದೆಲ್ಲಕ್ಕಿಂತ ಮೊದಲು ನಿಮಗೆ ಅಲ್ಲಿ ಕ್ರೆಡಿಟ್ ಸ್ಕೋರೇ, ಅಂದರೆ ಸಾಲ ತೀರಿಸಿದ ದಾಖಲೆ ನೋಡಿ ಕೊಡುವ ಅಂಕವೇ, ಇರುವುದಿಲ್ಲ. ಹಾಗಾಗಿ ಲೀಸ್ ಆಗಲಿ, ಸಾಲ ಆಗಲಿ ಸಿಗುವುದೇ ಕಷ್ಟ, ಸಿಕ್ಕರೂ ಬಡ್ಡಿ ಜಾಸ್ತಿ.

ಹಾಗಿದ್ದರೆ ಹೋದ ತಕ್ಷಣವೇ ಕೊಳ್ಳಬಾರದೇಕೆ? ಮನೆ ಎಲ್ಲಿ ಸಿಗುತ್ತದೆ, ಪಾರ್ಕಿಂಗ್ ಇದೆಯೋ ಇಲ್ಲವೋ, ದಿನಾ ರೈಲಿನಲ್ಲೇ ಹೋಗಬಹುದೋ, ಇದ್ಯಾವುದೂ ಮೊದಲ ವಾರ ಗೊತ್ತಿರುವುದಿಲ್ಲ. ಲೈಸೆನ್ಸ್ ಬೇರೆ ಇದೆ. ಬ್ರಿಟನ್ನಿನಲ್ಲಿ ನೆಲೆಸಿದ ದಿನದಿಂದ 12 ತಿಂಗಳು ನಿಮ್ಮ ಹಳೆಯ ಲೈಸೆನ್ಸ್ ನಡೆಯುತ್ತದೆ, ಜರ್ಮನಿಯಲ್ಲಿ 6 ತಿಂಗಳು, ಕ್ಯಾಲಿಫೋರ್ನಿಯಾದಲ್ಲಿ ನಿವಾಸಿಯಾದ 10 ದಿನದೊಳಗೆ ಅಲ್ಲಿಯದನ್ನೇ ಮಾಡಿಸಬೇಕು. ಅಂತರರಾಷ್ಟ್ರೀಯ ಪರ್ಮಿಟ್ ಇದೆಯಲ್ಲ ಅನ್ನಬೇಡಿ, ಅದು ನಿಮ್ಮ ಲೈಸೆನ್ಸಿನ ಅನುವಾದ ಅಷ್ಟೆ, ಮೂಲ ಲೈಸೆನ್ಸ್ ಜೊತೆಗಿಲ್ಲದೆ ಅದಕ್ಕೆ ಬೆಲೆ ಇಲ್ಲ.

ಬಾಡಿಗೆ ತಗೊಳ್ಳುವಾಗ ದಿನದ ದರ ನೋಡಬೇಡಿ, ತಿಂಗಳ ದರ ಕೇಳಿ, ಸಾಮಾನ್ಯವಾಗಿ ಕಡಿಮೆ ಬೀಳುತ್ತದೆ. ಕ್ರೆಡಿಟ್ ಕಾರ್ಡಿನ ಜೊತೆ ಬರುವ ಬಾಡಿಗೆ ಕಾರಿನ ವಿಮೆಯನ್ನು ನಂಬಿ ಕೌಂಟರಿನ ವಿಮೆ ಬೇಡ ಅಂದವರು ಒಂದು ಸಲ ನಿಯಮ ಓದಿ. ಎಷ್ಟೋ ಕಾರ್ಡುಗಳಲ್ಲಿ ಒಂದೇ ಬಾಡಿಗೆ 15 ಅಥವಾ 31 ದಿನ ದಾಟಿದರೆ ರಕ್ಷಣೆ ಸಿಗುವುದಿಲ್ಲ.

ಕೊಳ್ಳುವ ಹೊತ್ತಿಗೆ ಜನ ಮರೆಯುವುದು ವಿಮೆಯನ್ನೇ. ಹೊಸಬರಿಗೆ ಪ್ರೀಮಿಯಂ ಕೇಳಿದರೆ ಎದೆ ಧಸಕ್ ಅನ್ನುತ್ತದೆ, ನೀವು ಹತ್ತು ವರ್ಷ ಗಾಡಿ ಓಡಿಸಿದ್ದೀರಿ ಅನ್ನುವುದು ಅವರ ದಾಖಲೆಯಲ್ಲಿ ಇಲ್ಲವಲ್ಲ. ಹೊರಡುವ ಮೊದಲೇ ಹಳೆಯ ವಿಮಾ ಕಂಪನಿಯಿಂದ ಎಷ್ಟು ವರ್ಷ ಕ್ಲೇಮ್ ಮಾಡಿಲ್ಲ ಅನ್ನುವ ಪತ್ರ ತಗೊಳ್ಳಿ. ಎಲ್ಲರೂ ಒಪ್ಪುವುದಿಲ್ಲ, ಕೆಲವರು ಒಪ್ಪುತ್ತಾರೆ. ಕಾರು ಇಷ್ಟವಾಯಿತು ಅಂತ ಮುಂಗಡ ಕೊಡುವ ಮೊದಲು ಅದೇ ಮಾದರಿಗೆ ವಿಮೆ ಎಷ್ಟು ಅಂತ ವಿಚಾರಿಸಿ. ಎರಡು ಕಾರಿಗೆ ಬೆಲೆ ಒಂದೇ ಇದ್ದರೂ ವಿಮೆ ಒಂದೇ ಇರಬೇಕೆಂದಿಲ್ಲ.

ಗಾಡಿಯ ಇತಿಹಾಸ ನೋಡಿ. ಬ್ರಿಟನ್ನಿನಲ್ಲಿ ನಂಬರ್ ಪ್ಲೇಟ್ ಹಾಕಿದರೆ ಸರ್ಕಾರದ ಜಾಲತಾಣದಲ್ಲೇ ಎಂಒಟಿ (ಗಾಡಿ ರಸ್ತೆಗಿಳಿಯಲು ಯೋಗ್ಯವೇ ಅಂತ ನೋಡುವ ಕಡ್ಡಾಯ) ಪರೀಕ್ಷೆಯ ಫಲಿತಾಂಶ ಉಚಿತವಾಗಿ ಸಿಗುತ್ತದೆ, ಪ್ರತಿ ಪರೀಕ್ಷೆಯ ದಿನ ಮೀಟರ್ ಎಷ್ಟು ತೋರಿಸಿತ್ತು ಅನ್ನುವುದೂ ಅದರಲ್ಲಿರುತ್ತದೆ. ಅಮೆರಿಕದಲ್ಲಿ ವಿನ್ ಅನ್ನುವ 17 ಅಕ್ಷರ-ಅಂಕಿಗಳ ಗಾಡಿಯ ಗುರುತಿನ ಸಂಖ್ಯೆಯಿಂದ ರಿಕಾಲ್ (ದೋಷ ಸರಿಪಡಿಸಲು ತಯಾರಕರು ಗಾಡಿಯನ್ನು ವಾಪಸ್ ಕರೆಯುವುದು) ಬಾಕಿ ಇದೆಯೇ ನೋಡಬಹುದು. ಹಿಂದಿನವರ ಸಾಲ ತೀರಿದೆಯೇ ಅಂತ ಕೇಳುವುದನ್ನು ಮಾತ್ರ ಸಂಕೋಚಕ್ಕೆ ಬಿಡಬೇಡಿ. ಮಾರುಕಟ್ಟೆಯಲ್ಲಿ ಚೆನ್ನಾಗಿ ಮಾರಾಟವಾಗುವ, ಮಾಮೂಲಿ ಮಾದರಿಯನ್ನೇ ಆರಿಸಿ, ವಾಪಸ್ ಮಾರುವಾಗ ಗಿರಾಕಿ ಬೇಗ ಸಿಗುತ್ತಾರೆ. ಹೊರಡುವ ವಾರ ಮಾರಲು ಕೂತರೆ ನಿಮ್ಮ ಆತುರ ಅವರಿಗೆ ತಿಳಿದುಬಿಡುತ್ತದೆ, ಒಂದು ತಿಂಗಳು ಮೊದಲೇ ಶುರು ಮಾಡಿ.

ಒಂದು ಸಂದರ್ಭದಲ್ಲಿ ಮಾತ್ರ ನನ್ನ ಲೆಕ್ಕ ಬದಲಾಗುತ್ತದೆ: ಲೀಸ್ ನಿಮ್ಮ ಹೆಸರಿನಲ್ಲಿ ಅಲ್ಲ, ಕಂಪನಿಯ ಹೆಸರಿನಲ್ಲಿ ಇದ್ದರೆ. ಆಗ ಧೈರ್ಯವಾಗಿ ತಗೊಳ್ಳಿ, ಆದರೆ ಎರಡು ವಿಷಯ ಬರಹದಲ್ಲಿ ಕೇಳಿ. ಕೆಲಸ ಬಿಟ್ಟರೆ ಅಥವಾ ಅವರೇ ಬಿಡಿಸಿದರೆ ಉಳಿದ ಕಂತು ಯಾರದು? ತೆರಿಗೆ ಎಷ್ಟು ಬೀಳುತ್ತದೆ? ಯಾಕೆಂದರೆ ಜರ್ಮನಿಯಲ್ಲಿ ಕಂಪನಿಯ ಪೆಟ್ರೋಲ್ ಕಾರನ್ನು ಸ್ವಂತಕ್ಕೂ ಓಡಿಸಿದರೆ ಸಾಮಾನ್ಯವಾಗಿ ಅದರ ಪಟ್ಟಿ ಬೆಲೆಯ ಶೇ 1ರಷ್ಟನ್ನು ಪ್ರತಿ ತಿಂಗಳೂ ನಿಮ್ಮ ಆದಾಯಕ್ಕೆ ಸೇರಿಸಿ ತೆರಿಗೆ ಹಾಕುತ್ತಾರೆ, ಮನೆಯಿಂದ ಆಫೀಸಿಗೆ ಹೋಗಿಬರುವುದಕ್ಕೆ ಅದರ ಮೇಲೆ ಇನ್ನೊಂದಿಷ್ಟು.