ಹೈಡ್ರೋಜನ್ ಇದ್ದಮಾತ್ರಕ್ಕೆ ಆಮ್ಲವೇ?

ಪ್ರಶ್ನೆ: ‘ಆಮ್ಲಗಳಲ್ಲಿ ಹೈಡ್ರೋಜನ್ ಇರುತ್ತದೆ’ ಎಂದು ನೋಟ್ಸ್‌ನಲ್ಲಿ ಬರೆದುಕೊಂಡಿದ್ದೇನೆ. ಹಾಗಾದರೆ ಸಕ್ಕರೆ, ಸ್ಪಿರಿಟ್ ಯಾಕೆ ಆಮ್ಲಗಳಲ್ಲ? ಹುಳಿಯಾಗಿದ್ದರೆ ಆಮ್ಲ ಎನ್ನುತ್ತಾಳೆ ನನ್ನ ಗೆಳತಿ. ಲಿಟ್ಮಸ್ ಕೆಂಪಾದರೆ ಆಮ್ಲ ಎನ್ನುತ್ತಾನೆ ಅಣ್ಣ. ಯಾರ ಮಾತು ಸರಿ?
– ಹತ್ತನೇ ತರಗತಿ ವಿದ್ಯಾರ್ಥಿನಿ, ಗದಗ ಜಿಲ್ಲೆ

ಉತ್ತರ: ನಿನ್ನ ಅನುಮಾನ ಹುಟ್ಟಬೇಕಾದ ಜಾಗದಲ್ಲೇ ಹುಟ್ಟಿದೆ, ಮಗೂ. ಹೈಡ್ರೋಜನ್ ಎಣಿಸಿಯೇ ಆಮ್ಲ ಗುರುತಿಸುವುದಾದರೆ ಸಕ್ಕರೆಯನ್ನು ಮೀರಿಸುವವರು ಕಡಿಮೆ. ಅದರ ಒಂದೊಂದು ಅಣುವಿನಲ್ಲೂ 22 ಹೈಡ್ರೋಜನ್ ಪರಮಾಣುಗಳಿವೆ. ನೀರಿನಲ್ಲಿ ಕರಗಿ ಹೈಡ್ರೋಕ್ಲೋರಿಕ್ ಆಮ್ಲವಾಗುವ ಹೈಡ್ರೋಜನ್ ಕ್ಲೋರೈಡ್‌ನಲ್ಲಿ ಇರುವುದು ಒಂದೇ ಒಂದು. ಅಮೋನಿಯಾದಲ್ಲಿ ಮೂರಿವೆ, ಅದಂತೂ ಪ್ರತ್ಯಾಮ್ಲ! ನೋಟ್ಸಿನ ವಾಕ್ಯ ಸುಳ್ಳಲ್ಲ, ಅರ್ಧಕ್ಕೇ ನಿಂತಿದೆ. ಅದನ್ನು ಹೀಗೆ ಮುಂದುವರಿಸಿಕೋ: ನೀರಿಗೆ ಬಿದ್ದಾಗ ಹೈಡ್ರೋಜನ್ನನ್ನು ಧನ ಅಯಾನಾಗಿ, ಅಂದರೆ ಧನ ಆವೇಶ ಹೊತ್ತ ಕಣವಾಗಿ, ಬಿಟ್ಟುಕೊಡುವ ವಸ್ತು ಆಮ್ಲ.

ಬಿಟ್ಟುಕೊಡಬೇಕಾದರೆ ತೆಗೆದುಕೊಳ್ಳುವವರು ಬೇಕು. ಹೈಡ್ರೋಜನ್ ಅಯಾನು ಒಂಟಿಯಾಗಿ ದ್ರಾವಣದಲ್ಲಿ ನಿಲ್ಲಲಾರದು. ಹತ್ತಿರದ ನೀರಿನ ಅಣುವಿಗೆ ಅಂಟಿಕೊಂಡು ಹೈಡ್ರೋನಿಯಂ ಆಗುತ್ತದೆ. ಪಾಠ ಮಾಡುವಾಗ ನಾವು ಬೇಗ ದಾಟಿಬಿಡುವುದು ಈ ನೀರಿನ ಪಾತ್ರವನ್ನೇ. ಮನೆಯಲ್ಲಿ ಇನೋ ಪೊಟ್ಟಣವಿದ್ದರೆ ಒಡೆದು ನೋಡು. ಅದರಲ್ಲಿ ಸಿಟ್ರಿಕ್ ಆಮ್ಲವೂ ಇದೆ, ಸೋಡಿಯಂ ಬೈಕಾರ್ಬೊನೇಟ್ ಕೂಡ ಇದೆ. ಎರಡೂ ಒಂದೇ ಪೊಟ್ಟಣದಲ್ಲಿ ತಿಂಗಳುಗಟ್ಟಲೆ ತೆಪ್ಪಗಿರುತ್ತವೆ. ನೀರು ಬಿದ್ದ ಕೂಡಲೇ ಬುರುಬುರು ನೊರೆ. ಆಮ್ಲದ ಕೆಲಸ ಶುರುವಾದದ್ದು ಆಗ.

ನಿಮ್ಮ ಪಠ್ಯಪುಸ್ತಕದಲ್ಲೂ ಇದೇ ವಿಚಾರದ ಪ್ರಯೋಗವಿದೆ. ಅಡುಗೆ ಉಪ್ಪಿನ ಮೇಲೆ ಸಾರೀಕೃತ ಸಲ್ಫ್ಯೂರಿಕ್ ಆಮ್ಲ ಹಾಕಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಅದಕ್ಕೆ ಒಣಗಿದ ನೀಲಿ ಲಿಟ್ಮಸ್ ಹಿಡಿದರೆ ಬಣ್ಣ ಬದಲಾಗದು. ಒದ್ದೆ ಮಾಡಿ ಹಿಡಿದರೆ ಕೆಂಪಾಗುತ್ತದೆ. ಇದನ್ನು ಶಿಕ್ಷಕರೇ ಮಾಡಿ ತೋರಿಸಬೇಕು, ಮನೆಯಲ್ಲಿ ಖಂಡಿತ ಬೇಡ. ತೀರ್ಥಹಳ್ಳಿಯಲ್ಲಿ ಪಾಠ ಮಾಡುತ್ತಿದ್ದಾಗ ನಾನು ಇದನ್ನು ಮಳೆಗಾಲಕ್ಕೆ ಇಟ್ಟುಕೊಳ್ಳುತ್ತಲೇ ಇರಲಿಲ್ಲ. ಅಲ್ಲಿಯ ಜುಲೈ ಗಾಳಿಯಲ್ಲಿ ಒಣ ಲಿಟ್ಮಸ್ ಒಣದಾಗಿ ಉಳಿಯುವುದಿಲ್ಲ, ಮಕ್ಕಳ ಎದುರು ಪ್ರಯೋಗ ಉಲ್ಟಾ ಹೊಡೆಯುತ್ತದೆ. ಇದೇ ಅನಿಲವನ್ನು ಟಾಲ್ವೀನ್ ಎಂಬ ದ್ರವದಲ್ಲಿ ಕರಗಿಸಿದರೆ ಆ ದ್ರಾವಣದಲ್ಲಿ ವಿದ್ಯುತ್ ಹರಿಯುವುದಿಲ್ಲ, ಅದನ್ನು ಸಾಗಿಸುವ ಅಯಾನುಗಳು ಅಲ್ಲಿಲ್ಲ. ವಸ್ತು ಅದೇ, ಹೈಡ್ರೋಜನ್ ಅದೇ. ಅದನ್ನು ಬರಮಾಡಿಕೊಳ್ಳುವ ನೀರಿಲ್ಲ, ಅಷ್ಟೇ.

ಸರಿ, ಸಕ್ಕರೆಗೂ ನೀರು ಸಿಗುತ್ತದಲ್ಲ, ಅದೇಕೆ ಬಿಟ್ಟುಕೊಡದು? ವಿನೆಗರ್‌ನ ಅಸಿಟಿಕ್ ಆಮ್ಲದಿಂದ ಶುರುಮಾಡೋಣ. ಅದರ ನಾಲ್ಕು ಹೈಡ್ರೋಜನ್‌ಗಳಲ್ಲಿ ಮೂರು ಕಾರ್ಬನ್‌ಗೆ ಅಂಟಿವೆ, ಅವು ಕದಲುವುದಿಲ್ಲ. ಹೊರಡುವುದು ಆಕ್ಸಿಜನ್‌ಗೆ ಅಂಟಿದ ಒಂದು ಮಾತ್ರ. ಅದು ಹೋದ ಮೇಲೆ ಹಿಂದೆ ಉಳಿಯುವ ಋಣ ಆವೇಶವನ್ನು ಎರಡು ಆಕ್ಸಿಜನ್‌ಗಳು ಹಂಚಿಕೊಳ್ಳುತ್ತವೆ. ಇಬ್ಬರು ಹೆಗಲು ಕೊಟ್ಟ ಮೂಟೆ ಹಗುರ. ಸ್ಪಿರಿಟ್‌ನಲ್ಲೂ ಸಕ್ಕರೆಯಲ್ಲೂ ಆಕ್ಸಿಜನ್‌ಗೆ ಅಂಟಿದ ಹೈಡ್ರೋಜನ್ ಇದ್ದೇ ಇದೆ, ಆದರೆ ಅಲ್ಲಿ ಹಾಗೆ ಹಂಚಿಕೊಳ್ಳುವ ಏರ್ಪಾಡಿಲ್ಲ. ಅದಕ್ಕೇ ಅವು ಬಿಗಿಹಿಡಿದು ಕೂರುತ್ತವೆ. ಹತ್ತನೇ ತರಗತಿ ಪರೀಕ್ಷೆಗೆ ಇದು ಬೇಕಿಲ್ಲ. ಆದರೆ ಇದು ಗೊತ್ತಿಲ್ಲದಿದ್ದರೆ ಉಳಿದದ್ದೆಲ್ಲ ಬರೀ ಉರುಹೊಡೆಯುವ ಪಟ್ಟಿಯಾಗಿಬಿಡುತ್ತದೆ ಎಂದು ನನಗೆ ಅನಿಸುತ್ತದೆ.

ಬಿಟ್ಟುಕೊಡುವುದರಲ್ಲೂ ಹೆಚ್ಚು ಕಡಿಮೆ ಇದೆ. 0.1 ಮೋಲಾರ್ ದ್ರಾವಣವಾದರೆ ಹೈಡ್ರೋಕ್ಲೋರಿಕ್ ಆಮ್ಲದ ಅಣುಗಳೆಲ್ಲ ಅಯಾನುಗಳಾಗುತ್ತವೆ, ಪಿಎಚ್ (ಆಮ್ಲತೆಯ ಅಳತೆ, ಕಡಿಮೆಯಾದಷ್ಟೂ ಆಮ್ಲತೆ ಹೆಚ್ಚು) 1. ಅಸಿಟಿಕ್ ಆಮ್ಲದಲ್ಲಿ ನೂರಕ್ಕೆ ಸುಮಾರು ಒಂದು ಅಣು ಮಾತ್ರ, ಪಿಎಚ್ 3ರ ಆಸುಪಾಸು. ಪ್ರಬಲ, ದುರ್ಬಲ ಎನ್ನುವುದು ಇದಕ್ಕೆ. ಎಷ್ಟು ನೀರು ಬೆರೆಸಿದ್ದೇವೆ ಎನ್ನುವ ಲೆಕ್ಕ ಬೇರೆ.

ಇನ್ನು ಗೆಳತಿಯ ಹುಳಿ. ನಿಮ್ಮ ಕಡೆಯ ಎರೆಹೊಲದಲ್ಲಿ ಹಿಂಗಾರಿ ಕಡಲೆಗಿಡದ ಎಲೆ ಮುಟ್ಟಿ ಬೆರಳು ನೆಕ್ಕಿದರೆ ಹುಳಿ ಹತ್ತುತ್ತದಲ್ಲ, ಎಲೆಯ ಸಣ್ಣ ರೋಮಗಳು ಸ್ರವಿಸುವ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳು ಅವು. ರಾತ್ರಿ ಗಿಡದ ಮೇಲೆ ತೆಳುಬಟ್ಟೆ ಹಾಸಿ, ಬೆಳಗ್ಗೆ ಇಬ್ಬನಿಯೊಂದಿಗೆ ಹಿಂಡಿ ಆ ಹುಳಿಯನ್ನು ಕೂಡಿಡುವ ರೂಢಿಯೂ ಇತ್ತು. ನಾಲಿಗೆ ಗುರುತಿಸುವುದು ಹೈಡ್ರೋಜನ್ ಅಯಾನುಗಳನ್ನೇ, ಹಾಗಾಗಿ ಗೆಳತಿ ಹೇಳಿದ್ದರಲ್ಲಿ ಹುರುಳಿದೆ. ಆದರೆ ಪ್ರಯೋಗಾಲಯದಲ್ಲಿ ಏನನ್ನೂ ನಾಲಿಗೆಗೆ ತಾಗಿಸಬೇಡ. ಅಣ್ಣನ ಲಿಟ್ಮಸ್ ಆಮ್ಲ ಬಂದಿದೆ ಎಂದು ಸುದ್ದಿ ಹೇಳುತ್ತದೆ, ಯಾಕೆ ಆಮ್ಲವಾಯಿತು ಎಂದು ಹೇಳದು.

ನಿನ್ನ ಗೊಂದಲ ದೊಡ್ಡವರಿಗೂ ಇತ್ತು. ಆಮ್ಲತೆಗೆ ಆಕ್ಸಿಜನ್ ಕಾರಣ ಎಂದು ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೆ ನಂಬಿದ್ದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ನೇ ಇಲ್ಲ ಎಂದು 1810ರಲ್ಲಿ ಹಂಫ್ರಿ ಡೇವಿ ತೋರಿಸಿದ. ಲೋಹ ಬಂದು ಜಾಗ ಕಿತ್ತುಕೊಳ್ಳಬಲ್ಲ ಹೈಡ್ರೋಜನ್ ಇರಬೇಕು ಎಂದು 1838ರಲ್ಲಿ ಲೀಬಿಗ್ ಹೇಳಿದ. ಅಯಾನುಗಳ ಮಾತು ಬಂದದ್ದು 1884ರಲ್ಲಿ, ಸ್ವೀಡನ್ನಿನ ಅರೀನಿಯಸ್‌ನಿಂದ.

ಪ್ರಶ್ನೆ: ಕೇರಂ ಬೋರ್ಡಿಗೆ ಹಾಕುವ ಬೋರಿಕ್ ಪೌಡರ್ ಕೂಡ ಆಮ್ಲವೇ? ಕೈ ಸುಡುವುದಿಲ್ಲವಲ್ಲ?
– ಓದುಗರು, ಹೊಸನಗರ

ಉತ್ತರ: ಹೌದು, ಅದು ಬೋರಿಕ್ ಆಮ್ಲ. ಬಹಳ ದುರ್ಬಲವಾದ್ದರಿಂದ ಸುಡುವುದಿಲ್ಲ. ಮೇಲಿನ ಹುಡುಗಿಗೆ ಕೊಟ್ಟ ವಾಕ್ಯಕ್ಕೆ ಇದು ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಇದರಲ್ಲಿ ಮೂರು ಹೈಡ್ರೋಜನ್‌ಗಳಿದ್ದರೂ ನೀರಿನಲ್ಲಿ ಒಂದನ್ನೂ ಬಿಟ್ಟುಕೊಡುವುದಿಲ್ಲ. ಬೋರಾನ್‌ಗೆ ಎಲೆಕ್ಟ್ರಾನ್ ಜೋಡಿಯೊಂದರ ಕೊರತೆಯಿದೆ. ಅದನ್ನು ತುಂಬಿಕೊಳ್ಳಲು ನೀರಿನ ಅಣುವಿನಿಂದ ಹೈಡ್ರಾಕ್ಸೈಡನ್ನು ಎಳೆದುಕೊಳ್ಳುತ್ತದೆ, ಆಗ ನೀರಿನ ಹೈಡ್ರೋಜನ್ ಅಯಾನು ಹೊರಬೀಳುತ್ತದೆ. ಎಲೆಕ್ಟ್ರಾನ್ ಜೋಡಿಯನ್ನು ಸ್ವೀಕರಿಸುವುದನ್ನೇ ಆಮ್ಲದ ಗುರುತಾಗಿ 1923ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಲೂಯಿಸ್ ಮುಂದಿಟ್ಟದ್ದು ಇಂಥವನ್ನೂ ಸೇರಿಸಿಕೊಳ್ಳಲು ನೆರವಾಯಿತು. ಕೈ ಸುಡದಿದ್ದರೂ ಹೊಟ್ಟೆಗೆ ಹೋದರೆ ಅದು ವಿಷ. ಪುಟ್ಟ ಮಕ್ಕಳ ಕೈಗೆ ಡಬ್ಬಿ ಸಿಗದಂತೆ ಇಡಿ, ಆಟ ಮುಗಿದ ಮೇಲೆ ಕೈ ತೊಳೆದೇ ಊಟಕ್ಕೆ ಕೂರಿ.