ಊಟದ ಮೇಜಿನಿಂದ ಎದ್ದುಹೋಗುವ ಭಾವ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವಳು. ಅಮೆರಿಕನ್ ಪತಿಯೊಂದಿಗೆ ಸಿಯಾಟಲ್‌ನಲ್ಲಿದ್ದೆ. ಮಾವನವರು ಬಿದ್ದು ಸೊಂಟ ಮುರಿದುಕೊಂಡ ಮೇಲೆ, ಮೂರು ವರ್ಷಗಳ ಹಿಂದೆ, ಮೊಂಟಾನಾದ ಡಿಲನ್ ಸಮೀಪದ ಅವರ ದನದ ರ‍್ಯಾಂಚ್‌ಗೆ ಬಂದು ನೆಲೆಸಿದೆವು. ಮಾವನವರಿಗೆ 84 ವರ್ಷ, ಅತ್ತೆ ಇಲ್ಲ. 56 ವರ್ಷದ ಅವಿವಾಹಿತ ಭಾವ ಮೊದಲಿನಿಂದಲೂ ಅಲ್ಲೇ ದುಡಿದವರು. ನಾನು ಊಟದ ಮೇಜಿಗೆ ಬಂದರೆ ಅವರು ತಟ್ಟೆ ಎತ್ತಿಕೊಂಡು ಹೊರಡುತ್ತಾರೆ. ನಾನು ಅಡುಗೆ ಮಾಡುವಾಗ ಎದುರಿಗೇ ಕುಳಿತು ರೈಫಲ್ ಒರೆಸುತ್ತಾರೆ. 13 ವರ್ಷದ ಮಗನನ್ನು ಮಾತ್ರ ಬೆಳಗಾಗುವ ಮೊದಲೇ ಬೇಲಿ ನೋಡಲು ಕರೆದೊಯ್ಯುತ್ತಾರೆ; ಈಗ ಅವನೂ ನನ್ನೊಡನೆ ಮಾತು ಕಡಿಮೆ ಮಾಡಿದ್ದಾನೆ. ಮೊನ್ನೆ, ‘ಅಪ್ಪ ಈ ಜಮೀನು ಮಾರಿಬಿಡ್ತಾರಾ?’ ಎಂದು ಕೇಳಿದ. ಪತಿ, ‘ಅಣ್ಣನ ಸ್ವಭಾವವೇ ಹಾಗೆ’ ಎನ್ನುತ್ತಾರೆ. ಮಗನನ್ನು ಕರೆದುಕೊಂಡು ಸಿಯಾಟಲ್‌ಗೆ ಹೊರಟುಬಿಡಲೇ? (ಪತ್ರವನ್ನು ಸಂಕ್ಷೇಪಿಸಲಾಗಿದೆ.)

ಉತ್ತರ: ನಿಮ್ಮ ಮೂಲ ಪತ್ರದಲ್ಲಿ ಭಾವನವರ ಮೌನಕ್ಕೆ ಎರಡು ಪುಟಗಳಿವೆ, ಮಗನ ಪ್ರಶ್ನೆಗೆ ಒಂದೇ ಸಾಲು. ಆದರೆ ಗಂಟು ಇರುವುದು ಆ ಒಂದು ಸಾಲಿನಲ್ಲಿ ಎಂದು ನನಗೆ ತೋರುತ್ತದೆ. ಜಮೀನು ಮಾರುವ ಯೋಚನೆ ಹುಡುಗನಿಗೆ ತಾನಾಗಿ ಬಂದಿರಲಾರದು. ತಮ್ಮನನ್ನು ನೇರವಾಗಿ ಕೇಳಲಾಗದ ಪ್ರಶ್ನೆಯನ್ನು ದೊಡ್ಡಪ್ಪ ಬೇಲಿಯಂಚಿನಲ್ಲಿ ಅವನೆದುರು ಆಡಿರಬೇಕು. ಅವರು ಮೇಜಿನಿಂದ ಎದ್ದುಹೋಗುವುದು ನಿಮ್ಮ ಮೇಲಿನ ದ್ವೇಷಕ್ಕಿಂತ ಹೆಚ್ಚಾಗಿ, ಸಿಯಾಟಲ್‌ನಿಂದ ಮರಳಿ ಬಂದಿರುವ ವಾರಸುದಾರನ ಭಯದಿಂದ.

ಅಡಿಕೆ ತೋಟದ ಮನೆಯಲ್ಲಿ ಬೆಳೆದ ನಿಮಗೆ, ಪಿತ್ರಾರ್ಜಿತ ಆಸ್ತಿಯಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಎಂಬ ಕಲ್ಪನೆ ಸಹಜವಾಗಿರುತ್ತದೆ. ಮೊಂಟಾನಾದಲ್ಲಿ ವಯಸ್ಕ ಮಕ್ಕಳಿಗೆ ಅಂಥ ಹಕ್ಕಿಲ್ಲ. ಜಮೀನು ಮಾವನವರ ಹೆಸರಿನಲ್ಲೇ ಇದ್ದರೆ ಅವರು ಅದನ್ನು ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು. ಉಯಿಲು ಇಲ್ಲದೆ ಅವರು ತೀರಿಕೊಂಡರೆ, ಅತ್ತೆಯವರೂ ಇಲ್ಲದಿರುವುದರಿಂದ, ಇಬ್ಬರು ಗಂಡುಮಕ್ಕಳಿಗೆ ಸಮಪಾಲಾಗುತ್ತದೆ. ಫೆಬ್ರವರಿಯ ಹಿಮದಲ್ಲಿ ಕರು ಹಾಕಿಸಿ, ಜುಲೈಯಲ್ಲಿ ಹುಲ್ಲು ಕೊಯ್ದು, ಬಹುಶಃ ಊಟ ವಸತಿಗಿಂತ ಹೆಚ್ಚೇನೂ ಪಡೆಯದೆ ಆಯುಷ್ಯ ಕಳೆದವರಿಗೂ, ನಗರದಲ್ಲಿ ಸಂಬಳ ಎಣಿಸಿದವರಿಗೂ ಒಂದೇ ಅಳತೆ. ಅದಕ್ಕಿಂತ ಕಷ್ಟದ ಸಂಗತಿಯೆಂದರೆ, ರ‍್ಯಾಂಚ್ ಅನ್ನು ತೋಟದಂತೆ ಗಡಿಗಲ್ಲು ನೆಟ್ಟು ಸುಲಭವಾಗಿ ಪಾಲು ಮಾಡಲಾಗದು. ಹುಲ್ಲುಗಾವಲು, ನೀರಿನ ಹಕ್ಕು, ಸರಕಾರದಿಂದ ಪರವಾನಗಿ ಪಡೆದ ಮೇಯುವ ನೆಲ ಎಲ್ಲ ಕೂಡಿದ್ದರೆ ಮಾತ್ರ ಹಿಂಡು ಬದುಕುತ್ತದೆ. ಅರ್ಧ ರ‍್ಯಾಂಚ್ ಎಷ್ಟೋ ಸಲ ಅರ್ಧ ಆದಾಯವನ್ನೂ ಕೊಡುವುದಿಲ್ಲ. ಒಬ್ಬರು ತಮ್ಮ ಪಾಲನ್ನು ಹಣವಾಗಿ ಕೇಳಿದರೆ ಇನ್ನೊಬ್ಬರು ಮಾರಲೇಬೇಕಾದ ಸ್ಥಿತಿ ಬರಬಹುದು. ಇದು ನಿಮ್ಮ ಭಾವನಿಗೆ ಯಾವ ವಕೀಲನೂ ಹೇಳದೆ ಗೊತ್ತಿದೆ.

2022ರ ಕೃಷಿ ಗಣತಿಯ ಪ್ರಕಾರ ಅಮೆರಿಕದ ಕೃಷಿಕರ ಸರಾಸರಿ ವಯಸ್ಸು 58.1. ಹಿರಿಯರು ಯಜಮಾನಿಕೆ ಬಿಟ್ಟುಕೊಡದ, ಕಿರಿಯರು ಕೇಳಲು ಅಂಜುವ ಮನೆ ನಿಮ್ಮದೊಂದೇ ಅಲ್ಲ.

ಹಾಗೆಂದು ಅವರ ನಡವಳಿಕೆಯನ್ನು ನೀವು ಸಹಿಸಿಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ರ‍್ಯಾಂಚ್ ಮನೆಯಲ್ಲಿ ರೈಫಲ್ ನಮ್ಮ ಕತ್ತಿ, ಕೊಡಲಿಗಳಂತೆ ಕೆಲಸದ ಸಾಮಾನು ಎನ್ನುವುದು ನಿಜ. ಆದರೆ ನೀವು ಒಬ್ಬರೇ ಇರುವಾಗ ಅದನ್ನು ಎದುರಿಗೆ ಹರಡಿಕೊಂಡು ಕೂರುವುದಕ್ಕೆ ಬೇರೆ ಅರ್ಥವಿರಬಹುದು. ಆ ಅರ್ಥವನ್ನು ಬಿಡಿಸುತ್ತ ಕೂರುವುದು ನಿಮ್ಮ ಕೆಲಸವಲ್ಲ. ಬಂದೂಕುಗಳೆಲ್ಲ ಬೀಗದೊಳಗೆ ಇರಬೇಕೆಂದು ನಿಮ್ಮ ಪತಿ ಈ ವಾರವೇ ಅಣ್ಣನಿಗೆ ಹೇಳಲಿ, ನಿಮ್ಮ ಹೆಸರಿನಲ್ಲಲ್ಲ, ತಮ್ಮ ಹೆಸರಿನಲ್ಲಿ. ಅವರು ಹೇಳಲು ಹಿಂಜರಿದರೆ, ಅಥವಾ ಭಾವನವರಿಂದ ಒಂದೇ ಒಂದು ಬೆದರಿಕೆಯ ಮಾತು ಬಂದರೆ, ಮಗನೊಂದಿಗೆ ಹೊರಡಿ; ಯಾರ ಒಪ್ಪಿಗೆಗೂ ಕಾಯಬೇಡಿ. ಇನ್ನೊಂದು ಮಾತು: ಆತ್ಮಹತ್ಯೆಯ ಪ್ರಮಾಣ ಅತಿ ಹೆಚ್ಚಿರುವ ಅಮೆರಿಕದ ರಾಜ್ಯಗಳಲ್ಲಿ ಮೊಂಟಾನಾ ಒಂದು. ಕೈಯಲ್ಲಿ ಕಾಗದವಿಲ್ಲದೆ, ಮನಸ್ಸು ಬಿಚ್ಚಲು ಯಾರೂ ಇಲ್ಲದೆ ಉಳಿದ 56ರ ಗಂಡಸಿನ ಬಗ್ಗೆಯೂ ನನಗೆ ಆತಂಕವಿದೆ. 988 ಎಂಬ ಸಹಾಯವಾಣಿಯ ಸಂಖ್ಯೆ ಮನೆಯಲ್ಲಿ ಎಲ್ಲರಿಗೂ ತಿಳಿದಿರಲಿ.

‘ಸ್ವಭಾವವೇ ಹಾಗೆ’ ಎಂಬ ನಿಮ್ಮ ಪತಿಯ ಮಾತು ನನಗೆ ಭಾವನವರ ಮೌನಕ್ಕಿಂತ ಹೆಚ್ಚು ಬೇಸರ ತಂದಿತು. ಮೌನದ ಬೆಲೆಯನ್ನು ನೀವು ತೆರುತ್ತಿದ್ದೀರಿ, ಅನುಕೂಲ ಮಾತ್ರ ಅವರಿಗೆ. ಅವರು ತಂದೆಯನ್ನು ಕೇಳಬೇಕಾದದ್ದು ಇಷ್ಟೆ: ಉಯಿಲು ಇದೆಯೇ, ಅಣ್ಣನ ಇಷ್ಟು ವರ್ಷಗಳ ದುಡಿಮೆಗೆ ಅದರಲ್ಲಿ ಲೆಕ್ಕವಿದೆಯೇ? ಕುಟುಂಬದ ಕಂಪನಿ ಮಾಡಿ ಪಾಲುಗಳನ್ನು ಹಂಚುವುದು, ಒಬ್ಬರು ಇನ್ನೊಬ್ಬರ ಪಾಲನ್ನು ಹತ್ತಾರು ವರ್ಷಗಳ ಕಂತಿನಲ್ಲಿ ಕೊಳ್ಳುವುದು ಮುಂತಾದ ದಾರಿಗಳಿವೆ. ಮೊಂಟಾನಾ ಸ್ಟೇಟ್ ಯೂನಿವರ್ಸಿಟಿಯ ಕೃಷಿ ವಿಸ್ತರಣಾ ವಿಭಾಗ ಈ ವಿಷಯದಲ್ಲೇ ಕುಟುಂಬಗಳಿಗೆ ಮಾಹಿತಿ ಕೊಡುತ್ತದೆ. ಕರುಗಳನ್ನು ಮಾರಿ ಕಳಿಸಿದ ಮೇಲೆ, ಶರತ್ಕಾಲದ ಕೊನೆಗೆ, ಕೆಲಸ ಇಳಿದಾಗ ಮೂವರೂ ಕುಳಿತುಕೊಳ್ಳಲಿ. ಆ ಮೊದಲ ಮಾತುಕತೆಯಲ್ಲಿ ನೀವು ಇರದಿರುವುದೇ ಒಳ್ಳೆಯದು. ಇದ್ದರೆ ಅವರಿಗೆ ಜಗಳವನ್ನು ನಿಮ್ಮ ಕಡೆ ತಿರುಗಿಸುವುದು ಸುಲಭವಾಗುತ್ತದೆ.

ಮಗನ ಬೆಳಗಿನ ಸವಾರಿಯನ್ನು ಭಯದಿಂದ ನಿಲ್ಲಿಸಬೇಡಿ. ತಂದೆಯೂ ಜೊತೆಗೆ ಕುದುರೆ ಏರಲಿ. ಅವನ ಪ್ರಶ್ನೆಗೆ ನೀವಿನ್ನೂ ಉತ್ತರ ಕೊಟ್ಟಂತಿಲ್ಲ. ‘ನನಗೂ ಗೊತ್ತಿಲ್ಲ, ಅಪ್ಪನನ್ನೇ ಕೇಳೋಣ’ ಎಂದು ಇವತ್ತು ರಾತ್ರಿ ಊಟದ ಮೇಜಿನಲ್ಲೇ, ಭಾವನವರು ತಟ್ಟೆ ಎತ್ತಿಕೊಳ್ಳುವ ಮೊದಲು ಹೇಳಿ.